ಆಧುನಿಕ ಕನ್ನಡ ಕವಿಯನ್ನು ಓದುವ ಬಗೆ: ಪಠ್ಯಪುಸ್ತಕ ಮುಚ್ಚಿಟ್ಟವರಿಗೊಂದು ಕೈಪಿಡಿ

ಶಾಲೆ ಕಾಲೇಜುಗಳಲ್ಲಿ ಕನ್ನಡ ಓದಿದ ಎಲ್ಲರೂ ಒಂದಲ್ಲ ಒಂದು ಪರೀಕ್ಷೆಯಲ್ಲಿ "ಈ ಕವಿತೆಯ ಆಶಯವನ್ನು ವಿವರಿಸಿ" ಎಂಬ ಪ್ರಶ್ನೆಯನ್ನು ಎದುರಿಸಿಯೇ ಬಂದಿರುತ್ತಾರೆ. ಅದಕ್ಕೆ ಬೇಕಾದ ಉತ್ತರ ಗೈಡುಗಳಲ್ಲಿ ಸಿದ್ಧವಾಗಿರುತ್ತಿತ್ತು. ಬೇಂದ್ರೆ ಎಂದರೆ ಒಲವು, ಕುವೆಂಪು ಎಂದರೆ ನಿಸರ್ಗ, ಅಡಿಗ ಎಂದರೆ ಅನಾಥಪ್ರಜ್ಞೆ, ಸಿದ್ಧಲಿಂಗಯ್ಯ ಎಂದರೆ ಆಕ್ರೋಶ. ಈ ಉತ್ತರಗಳು ತಪ್ಪೆಂದು ಹೇಳುವಂತಿಲ್ಲ, ಅಂಕಗಳೂ ಬರುತ್ತಿದ್ದವು. ಆದರೆ ಹೀಗೆ ಕಲಿತವರು ಮುಂದೆ ಹತ್ತಿಪ್ಪತ್ತು ವರ್ಷಗಳ ನಂತರ, ಕೆಲಸ ಸಂಸಾರಗಳ ನಡುವೆ ಹೇಗೋ ಬಿಡುವು ಮಾಡಿಕೊಂಡು ಒಂದು ಕವನ ಸಂಕಲನವನ್ನು ಕೈಗೆತ್ತಿಕೊಂಡಾಗ, ಆ ಸಿದ್ಧ ಉತ್ತರವೇ ಅವರಿಗೂ ಕವಿತೆಗೂ ನಡುವೆ ಅಡ್ಡ ನಿಲ್ಲುತ್ತದೆ. ಪುಟ ತೆರೆಯುವ ಮೊದಲೇ ಉತ್ತರ ಗೊತ್ತಿರುವುದರಿಂದ ಪುಟದಲ್ಲಿರುವುದು ಕಣ್ಣಿಗೆ ಬೀಳುವುದಿಲ್ಲ.

ಪದವಿಪೂರ್ವ ಕಾಲೇಜಿನಲ್ಲಿ ಹಲವು ವರ್ಷ ಕನ್ನಡ ಪಾಠ ಮಾಡಿದವನಾದ್ದರಿಂದ ಈ ದೋಷದಲ್ಲಿ ನನಗೂ ಪಾಲಿದೆ. ಕೆಳಗಿನ ಹೆಜ್ಜೆಗಳು ಪರೀಕ್ಷೆಯ ಹಂಗಿಲ್ಲದೆ, ತಮ್ಮ ಸಂತೋಷಕ್ಕಾಗಿ ಆಧುನಿಕ ಕನ್ನಡ ಕವಿಗಳನ್ನೂ ಲೇಖಕರನ್ನೂ ಮತ್ತೆ ಓದಬೇಕೆನ್ನುವವರಿಗಾಗಿ ಬರೆದವು. ಇವುಗಳ ಹಿಂದೆ ಇರುವ ನಂಬಿಕೆ ಒಂದೇ: ಕವಿಯ ವಸ್ತುವನ್ನು ಮೇಲಿನಿಂದ ಹುಡುಕಬಾರದು. ಅದು ಸಾಮಾನ್ಯವಾಗಿ ಯಾವುದೋ ಒಂದು ಪದದ ಬಳಿ, ಯಾರೋ ಯಾರಿಗೋ ಆಡುವ ಒಂದು ಮಾತಿನ ಬಳಿ ಕುಳಿತಿರುತ್ತದೆ.

ಮೊದಲು ಒಬ್ಬರನ್ನು, ಅವರ ಒಂದೇ ಸಂಕಲನವನ್ನು ಆರಿಸಿಕೊಳ್ಳಿ

ಹಲವರು ಮಾಡುವ ಮೊದಲ ತಪ್ಪು, ಉತ್ಸಾಹದಲ್ಲಿ ಸಮಗ್ರ ಕಾವ್ಯದ ದಪ್ಪ ಸಂಪುಟವನ್ನು ಕೊಂಡು ತರುವುದು. ಮೊದಲ ನಲವತ್ತು ಪುಟಗಳಲ್ಲಿ ಕವಿಯ ಎಳವೆಯ ಪದ್ಯಗಳಿರುತ್ತವೆ, ಅಷ್ಟರಲ್ಲಿ ಓದುಗರ ಉಸಿರು ಮುಗಿದಿರುತ್ತದೆ. ಇನ್ನೊಂದು ತಪ್ಪು, ಐವತ್ತು ಕವಿಗಳ ಒಂದೊಂದು ಕವಿತೆಯಿರುವ ಸಂಗ್ರಹದಿಂದ ಆರಂಭಿಸುವುದು. ಮದುವೆಮನೆಯಲ್ಲಿ ಐವತ್ತು ಮಂದಿಗೆ ಕೈಮುಗಿದಂತೆ ಅದು. ಮನೆಗೆ ಬಂದ ಮೇಲೆ ಒಬ್ಬರ ಮುಖವೂ ನೆನಪಿರುವುದಿಲ್ಲ. ಒಂದು ಸಂಕಲನವೆಂದರೆ ಕವಿಯ ಬದುಕಿನ ಮೂರು ನಾಲ್ಕು ವರ್ಷಗಳು. ಆ ಕಾಲದಲ್ಲಿ ಅವರನ್ನು ಕಾಡುತ್ತಿದ್ದ ಸಂಗತಿ ಹತ್ತಾರು ಕವಿತೆಗಳಲ್ಲಿ ವೇಷ ಬದಲಿಸಿಕೊಂಡು ಬರುತ್ತದೆ, ಹಾಗೆ ಬರುವುದನ್ನು ಗುರುತಿಸುವುದೇ ವಸ್ತುವನ್ನು ಗುರುತಿಸುವುದು.

ಯಾವುದರಿಂದ ಆರಂಭಿಸಬೇಕೆಂದು ಕೇಳಿದರೆ ನಾನು ಕೆ.ಎಸ್. ನರಸಿಂಹಸ್ವಾಮಿಯವರ 'ಮೈಸೂರು ಮಲ್ಲಿಗೆ'ಯನ್ನು ಹೇಳುತ್ತೇನೆ. 1942ರಲ್ಲಿ ಬಂದ ಈ ಪುಸ್ತಕ ಸುಲಭವೆಂಬ ಹೆಸರು ಪಡೆದಿದೆ, ಆ ಹೆಸರು ಅರ್ಧ ಮಾತ್ರ ನಿಜವೆಂಬುದು ಓದುತ್ತಾ ತಿಳಿಯುತ್ತದೆ. ಬೇಂದ್ರೆಯವರಲ್ಲಿ 1932ರ 'ಗರಿ' ಒಳ್ಳೆಯ ಬಾಗಿಲು. 1964ರ 'ನಾಕುತಂತಿ'ಗೆ 1973ರ ಜ್ಞಾನಪೀಠ ಬಂದಿತೆಂಬ ಕಾರಣಕ್ಕೆ ಅದನ್ನೇ ಮೊದಲು ತೆಗೆದುಕೊಂಡವರು ಬಹುತೇಕ ಬೇಂದ್ರೆಯವರನ್ನೇ ಬಿಟ್ಟುಬಿಟ್ಟಿದ್ದಾರೆ. ಅದು ಅವರ ಕೊನೆಯ ಕಾಲದ, ಸಂಖ್ಯೆ ಮತ್ತು ತತ್ತ್ವಗಳ ಒಳಸುಳಿಗಳಿರುವ ಕೃತಿ, ಕೊನೆಗೇ ಇಟ್ಟುಕೊಳ್ಳುವುದು ಲೇಸು. ಗೋಪಾಲಕೃಷ್ಣ ಅಡಿಗರನ್ನು ಓದಲು ಧೈರ್ಯವಿದ್ದವರು 1959ರ 'ಭೂಮಿಗೀತ'ಕ್ಕೇ ಕೈ ಹಾಕಬಹುದು. ಅಷ್ಟು ಧೈರ್ಯ ಸಾಲದವರು 1946ರ 'ಭಾವತರಂಗ'ದಿಂದ ಹೊರಟು ನಿಧಾನವಾಗಿ ಅತ್ತ ನಡೆಯಲಿ.

ಬಾಯಿಬಿಟ್ಟು ಓದಿ, ಹಾಡನ್ನು ಮರೆತು ಓದಿ

ಆಧುನಿಕ ಕನ್ನಡ ಕಾವ್ಯಕ್ಕೆ ಸುಗಮ ಸಂಗೀತ ಮಾಡಿದ ಉಪಕಾರ ಸಣ್ಣದಲ್ಲ. ಮೈಸೂರು ಅನಂತಸ್ವಾಮಿ, ಸಿ. ಅಶ್ವತ್ಥ್ ಅವರಂಥವರ ಕಂಠದಿಂದಲೇ ಎಷ್ಟೋ ಕವಿತೆಗಳು ಪುಸ್ತಕ ಮುಟ್ಟದ ಮನೆಗಳನ್ನೂ, ಸಮುದ್ರದಾಚೆಯ ಕನ್ನಡ ಸಂಘಗಳನ್ನೂ ತಲುಪಿವೆ. ಆದರೆ ರಾಗ ಕೆಲವೊಮ್ಮೆ ಅರ್ಥದ ಮೇಲೆ ಹೊದಿಕೆ ಹಾಸಿಬಿಡುತ್ತದೆ. ನಿಸಾರ್ ಅಹಮದರನ್ನು 'ನಿತ್ಯೋತ್ಸವ'ದ ಹಾಡಿನಿಂದ ಮಾತ್ರ ಬಲ್ಲವರು ಅವರನ್ನು ನಾಡಿನ ಹೊಗಳಿಕೆಯ ಕವಿಯೆಂದು ತಿಳಿದಿರುತ್ತಾರೆ. ಜೊತೆಯಲ್ಲೇ ಬದುಕುತ್ತಿದ್ದರೂ ಅನುಮಾನದ ಕಣ್ಣಿಗೆ ಗುರಿಯಾಗುವ ಸಂಕಟವನ್ನು ಹೇಳುವ ಅವರ 'ನಿಮ್ಮೊಡನಿದ್ದೂ ನಿಮ್ಮಂತಾಗದೆ', ಮಂದೆಯ ಬುದ್ಧಿಯನ್ನು ಗೇಲಿ ಮಾಡುವ 'ಕುರಿಗಳು ಸಾರ್ ಕುರಿಗಳು' ಆ ಚಿತ್ರದಲ್ಲಿ ಹಿಡಿಸುವುದೇ ಇಲ್ಲ.

ಇದಕ್ಕಿಂತ ದೊಡ್ಡ ಉದಾಹರಣೆ ಬೇಂದ್ರೆಯವರ 'ನೀ ಹಿಂಗ ನೋಡಬ್ಯಾಡ ನನ್ನ'. ಒಮ್ಮೆ ಪರಿಚಿತರ ಮನೆಯ ಆರತಕ್ಷತೆಯಲ್ಲಿ ವಾದ್ಯಗೋಷ್ಠಿಯ ಹುಡುಗನೊಬ್ಬ ಇದನ್ನು ವಧೂವರರ ಕಡೆ ಕೈ ತೋರಿಸುತ್ತಾ ಹಾಡಿದ, ಮದುಮಗಳು ನಾಚಿ ತಲೆ ತಗ್ಗಿಸಿದಳು, ಸಭೆ ಚಪ್ಪಾಳೆ ತಟ್ಟಿತು. ನಾನು ಕೂಡ ಪಾಠ ಹೇಳುವ ಕೆಲಸಕ್ಕೆ ಸೇರಿದ ಮೊದಲ ವರ್ಷಗಳಲ್ಲಿ ಇದನ್ನು ಪ್ರೇಮಗೀತೆಯೆಂದೇ ತಿಳಿದಿದ್ದೆ, ಆದ್ದರಿಂದ ಆ ಹುಡುಗನನ್ನು ಆಡಿಕೊಳ್ಳುವ ಹಕ್ಕು ನನಗಿಲ್ಲ. ರಾಗವಿಲ್ಲದೆ, ಧಾರವಾಡದ ಮಾತಿನ ಓಟದಲ್ಲಿ ಗಟ್ಟಿಯಾಗಿ ಓದಿ ನೋಡಿ. ನಡುವೆ ಹುಣ್ಣಿಮೆಯ ಚಂದ್ರ ಬರುತ್ತಾನೆ, ಆದರೆ ಬೆಳದಿಂಗಳಾಗಿ ಅಲ್ಲ. ಹಾಡುಹಗಲು ಮುಗಿಲಲ್ಲಿ ತೇಲಿ ಬರುವ ಹೆಣವಾಗಿ. ಆ ಪದವನ್ನು ಬಾಯಿಂದ ಉಚ್ಚರಿಸಿದ ಮೇಲೆ ಇದು ಪ್ರಣಯದ ಪದ್ಯವೆಂದು ನಂಬುವುದು ಸಾಧ್ಯವಿಲ್ಲ. ಮಗುವಿನ ಸಾವಿನ ಹಿನ್ನೆಲೆಯಲ್ಲಿ ಹುಟ್ಟಿದ ಕವಿತೆಯಿದು. ಅಳು ಬಂದರೆ ಅತ್ತುಬಿಡು, ನಕ್ಕು ಯಾಕೆ ಮರೆಸುತ್ತೀಯೆ ಎಂದು ಗಂಡ ಹೆಂಡತಿಗೆ ಹೇಳುತ್ತಿದ್ದಾನೆ. ಅವಳು ಅಳುವುದಿಲ್ಲ ಎಂಬುದೇ ಅವನಿಗೆ ತಡೆಯಲಾಗದ ಸಂಗತಿ. ಅವಳು ಹಾಗೆ ನೋಡಿದರೆ ತಾನು ತಿರುಗಿ ನೋಡುವುದು ಹೇಗೆಂದು ಅವನಿಗೆ ತಿಳಿಯುತ್ತಿಲ್ಲ.

ಇಲ್ಲಿಂದಲೇ ಮುಂದಿನ ಹೆಜ್ಜೆ ಬರುತ್ತದೆ. ಪ್ರತಿ ಕವಿತೆಯನ್ನು ಓದಿದಾಗಲೂ ಯಾರು ಮಾತನಾಡುತ್ತಿದ್ದಾರೆ, ಯಾರ ಎದುರು, ಯಾವ ಹೊತ್ತಿನಲ್ಲಿ ಎಂಬ ಮೂರು ಪ್ರಶ್ನೆಗಳನ್ನು ಕೇಳಿಕೊಳ್ಳಿ. "ಬೇಂದ್ರೆಯವರ ವಸ್ತು ದಾಂಪತ್ಯ" ಎಂದು ಬರೆಯುವುದಕ್ಕೂ, ಮಗುವನ್ನು ಕಳೆದುಕೊಂಡ ಇಬ್ಬರು ಒಬ್ಬರ ಮುಖವನ್ನೊಬ್ಬರು ನೋಡಲಾರದೆ ನಿಂತಿರುವ ಗಳಿಗೆಯನ್ನು ಕಾಣುವುದಕ್ಕೂ ಇರುವ ಅಂತರವೇ ಗೈಡಿಗೂ ಓದಿಗೂ ಇರುವ ಅಂತರ.

ಪದವನ್ನು ಹಿಡಿದು ಅಗೆಯಿರಿ

ಇದು ಎಲ್ಲಕ್ಕಿಂತ ಹೆಚ್ಚು ಸಮಯ ಬೇಡುವ ಹೆಜ್ಜೆ, ಹೆಚ್ಚು ಕೊಡುವುದೂ ಇದೇ. ಪೆನ್ಸಿಲ್ ಹಿಡಿದು ಓದಿ. ಅರ್ಥವಾಗದ ಪದದ ಕೆಳಗೆ ಗೆರೆ ಎಳೆಯುವುದು ಎಲ್ಲರಿಗೂ ಗೊತ್ತು. ಅರ್ಥವಾಯಿತೆಂದು ಅನ್ನಿಸಿದ, ಆದರೆ ಆ ಜಾಗದಲ್ಲಿ ಯಾಕಿದೆಯೆಂದು ತಿಳಿಯದ ಪದದ ಕೆಳಗೂ ಗೆರೆ ಎಳೆಯಿರಿ. ಎರಡನೆಯ ಬಗೆಯ ಪದಗಳಲ್ಲಿಯೇ ಸಾಮಾನ್ಯವಾಗಿ ಕವಿತೆಯ ಕೀಲಿಯಿರುತ್ತದೆ.

'ಮೈಸೂರು ಮಲ್ಲಿಗೆ'ಯ 'ರಾಯರು ಬಂದರು ಮಾವನ ಮನೆಗೆ' ಪದ್ಯವನ್ನೇ ತೆಗೆದುಕೊಳ್ಳಿ. ಅಳಿಯ ರಾತ್ರಿ ಮಾವನ ಮನೆಗೆ ಬರುತ್ತಾನೆ. ಊಟ, ಪಾಯಸ, ಹಾಸಿಗೆ, ಅಡಕೆ ಎಲ್ಲವೂ ಅವನಿಗಾಗಿ ಸಿದ್ಧವಾಗಿವೆ, ಹೆಂಡತಿ ಮಾತ್ರ ಕಾಣಿಸುವುದಿಲ್ಲ. ಕೇಳಿದರೆ ಪದುಮ "ಒಳಗಿಲ್ಲ" ಎಂಬ ಉತ್ತರ ಬರುತ್ತದೆ. ಈ ಪದ್ಯವನ್ನು ತರಗತಿಯಲ್ಲಿ ಓದಿದಾಗಲೆಲ್ಲ ಹುಡುಗರು, ಹೆಂಡತಿ ಎಲ್ಲಿಗೋ ಹೋಗಿದ್ದಾಳೆಂದೇ ಉತ್ತರಿಸುತ್ತಿದ್ದರು. ಮುಟ್ಟಿನ ದಿನಗಳಲ್ಲಿ ಹೆಂಗಸರು ಹೊರಗೆ ಕೂರುತ್ತಿದ್ದ ಮನೆಗಳನ್ನು ಕಂಡವರಿಗೆ ಆ ಒಂದು ಪದ ಸಾಕು. ದೊಡ್ಡವರ ಎದುರಿಗೆ ಬಿಡಿಸಿ ಹೇಳಲಾಗದ ಸಂಗತಿ, ಅಳಿಯನ ಪೆಚ್ಚುಮೋರೆ, ಮನೆಮಂದಿಯ ಮುಚ್ಚಿದ ನಗೆ ಎಲ್ಲವೂ ಅದರೊಳಗಿದೆ. ನರಸಿಂಹಸ್ವಾಮಿಯವರ ಪ್ರೇಮ ಇಬ್ಬರ ನಡುವೆ ಮಾತ್ರ ನಡೆಯುವುದಲ್ಲ, ಅತ್ತೆ, ಮಾವ, ನಾದಿನಿ, ಬಳೆಗಾರ ಇವರೆಲ್ಲರ ಕಣ್ಣೆದುರು, ಅವರ ಕಟ್ಟುಪಾಡುಗಳ ಸಂದಿಯಲ್ಲಿ ನಡೆಯುವಂಥದ್ದು. ಹಾಗಾಗಿಯೇ ಅದನ್ನು ಸುಲಭವೆನ್ನುವುದು ಅರ್ಧ ನಿಜವೆಂದೆ.

ಅಡಿಗರ 'ಭೂತ' ಕವಿತೆಯಲ್ಲಿ ಶೀರ್ಷಿಕೆಯೇ ಎರಡು ದಾರಿ. ಭೂತವೆಂದರೆ ಕಳೆದುಹೋದ ಕಾಲ. ಭೂತವೆಂದರೆ ಕಾಡುವ ದೆವ್ವ. ಕುಂದಾಪುರದ ಕಡೆಯ ಮೊಗೇರಿಯಲ್ಲಿ 1918ರಲ್ಲಿ ಹುಟ್ಟಿದ, ತಮ್ಮ ಸಂಕಲನವೊಂದಕ್ಕೆ ಯಕ್ಷಗಾನದ ವಾದ್ಯಗಳಿಂದಲೇ 'ಚಂಡೆಮದ್ದಳೆ' ಎಂದು ಹೆಸರಿಟ್ಟ ಕವಿಗೆ ಕರಾವಳಿಯ ಭೂತಗಳು ಪುಸ್ತಕದಿಂದ ಬಂದ ಪ್ರತೀಕಗಳಲ್ಲ ಎಂಬುದನ್ನೂ ನೆನಪಿಡಬೇಕು. ಕವಿತೆ ಪೂರ್ವಜರ ಕಾಟದಿಂದ ಹೊರಡುತ್ತದೆ, ಬಾವಿಯ ಕೊಳೆವ ನೀರು ಆವಿಯಾಗಿ ಮೇಲೇರುವ ಚಿತ್ರವೂ ನೆಲ ಅಗೆಯುವ ಗುದ್ದಲಿಯ ಚಿತ್ರವೂ ಅದರಲ್ಲಿ ಬರುತ್ತವೆ. ಅಗೆದರೆ ಮೊದಲು ಸಿಗುವುದು ಮಣ್ಣು; ಇನ್ನೂ ಆಳಕ್ಕೆ ಹೋದರೆ ಚಿನ್ನದ ಅದಿರು. ಅದನ್ನು ಸುಟ್ಟು, ಸೋಸಿ, ಬಡಿದು ತನ್ನ ಇಷ್ಟದೇವತೆಯ ವಿಗ್ರಹಕ್ಕೆ ಒಗ್ಗಿಸುವ ಕಸುಬನ್ನು ಕಲಿಯಬೇಕೆಂದು ಕವಿ ಹೇಳಿಕೊಳ್ಳುತ್ತಾರೆ. ಇಲ್ಲಿ ಅದಿರು ಎಂಬ ಪದಕ್ಕೆ ಗೆರೆ ಎಳೆಯಿರಿ. ಪರಂಪರೆ ಚಿನ್ನವೆಂದು ಕವಿ ಹೇಳಲಿಲ್ಲ, ಕಸವೆಂದೂ ಹೇಳಲಿಲ್ಲ. ಅದಿರೆಂದರೆ ಕಲ್ಲುಮಣ್ಣು ಬೆರೆತ ಲೋಹ, ಯಾರಾದರೂ ಬೆಂಕಿಯ ಮುಂದೆ ಕೂತು ಬೇರ್ಪಡಿಸುವವರೆಗೆ ಅದರಿಂದ ಉಪಯೋಗವಿಲ್ಲ. "ಅಡಿಗರು ಪರಂಪರೆಯ ವಿರೋಧಿ" ಎಂದವರೂ "ಅಡಿಗರು ಸಂಪ್ರದಾಯವಾದಿ" ಎಂದವರೂ ಈ ಒಂದು ಪದದ ಮುಂದೆ ಸ್ವಲ್ಪ ಹೊತ್ತು ನಿಂತಿದ್ದರೆ ಎಷ್ಟೋ ಜಗಳ ಉಳಿಯುತ್ತಿತ್ತು.

ವೈದೇಹಿಯವರ ಒಂದು ಕವಿತೆ ಇದೇ ಕೆಲಸವನ್ನು ಅಡುಗೆಮನೆಯಲ್ಲಿ ಕೂತು ಮಾಡುತ್ತದೆ. ಕಾವ್ಯದ ಬಗ್ಗೆ ತಿಳಿದವರು ಹೇಳಿ, ನನಗೆ ಗೊತ್ತಿರುವುದು ತಿಳಿಸಾರು ಎಂದು ಒಬ್ಬ ಹೆಂಗಸು ಆರಂಭಿಸುತ್ತಾಳೆ. ಮೇಲ್ನೋಟಕ್ಕೆ ವಿನಯದ ಮಾತು. ಆದರೆ ತಿಳಿದವರು ಎಂಬಲ್ಲಿಯೂ ತಿಳಿಸಾರು ಎಂಬಲ್ಲಿಯೂ ಇರುವುದು ಒಂದೇ ತಿಳಿ. ಅರಿಯುವುದು, ಮತ್ತು ಕದಡಿದ್ದು ಕೆಳಗಿಳಿದು ಮೇಲೆ ಸ್ವಚ್ಛವಾಗುವುದು ಎರಡಕ್ಕೂ ಕನ್ನಡದಲ್ಲಿ ಈ ಪದವೇ ಸಲ್ಲುತ್ತದೆ. ಸಾರಿನ ಬಗ್ಗೆ ಹೇಳುತ್ತಾ ಹೇಳುತ್ತಾ ಅವಳು, ತಿಳಿದವರೆನಿಸಿಕೊಂಡವರಿಗಿಂತ ಚೆನ್ನಾಗಿ ಕಾವ್ಯವೇನೆಂದು ಹೇಳಿಬಿಟ್ಟಿರುತ್ತಾಳೆ. ಇದನ್ನು ಸ್ತ್ರೀವಾದಿ ಕವಿತೆ ಎಂದು ಕರೆಯುವುದಕ್ಕೆ ಅಡ್ಡಿಯಿಲ್ಲ. ಆದರೆ ಆ ತಿಳಿಯನ್ನು ಕಾಣದೆ ಹಾಗೆ ಕರೆದರೆ ಊಟದ ಎಲೆಯ ಮೇಲೆ ಸಾರನ್ನು ಬಿಟ್ಟು ಎದ್ದಂತೆ.

ಸಿದ್ಧಲಿಂಗಯ್ಯನವರ 'ನನ್ನ ಜನಗಳು' ಓದುವಾಗ ಸೈಜುಗಲ್ಲು ಎಂಬ ಪದ ಎದುರಾಗುತ್ತದೆ. ಕಟ್ಟಡದ ಕೆಲಸಕ್ಕೆ ಅಳತೆಗೆ ತಕ್ಕಂತೆ ಒಡೆದ ಕಲ್ಲದು, ಹೊರುವವರ ಬಾಯಿಂದಲೇ ಬಂದ ಹೆಸರು. ಅಲ್ಲಿಯವರೆಗಿನ ಕನ್ನಡ ಕಾವ್ಯದಲ್ಲಿ ಶಿಲೆಯಿತ್ತು, ಬಂಡೆಯಿತ್ತು, ಶಿಲಾಬಾಲಿಕೆಯಿದ್ದಳು. ತಲೆಯ ಮೇಲೆ ಹೊತ್ತ ಸೈಜುಗಲ್ಲು ಇರಲಿಲ್ಲ. ಸತ್ತೋರು, ಹೊತ್ತೋರು ಎಂದು ಆಡುಮಾತಿನ ರೂಪಗಳೇ ಸಾಲುಸಾಲಾಗಿ ಬರುವ ಆ ಪದ್ಯ ತಮಟೆಯ ಪೆಟ್ಟಿನಂತೆ ನಡೆಯುತ್ತದೆ. ಸತ್ತವರು, ಹೊತ್ತವರು ಎಂದು ಶಿಷ್ಟಗೊಳಿಸಿ ಒಮ್ಮೆ ಓದಿ ನೋಡಿದರೆ ಪದ್ಯದ ಬೆನ್ನೆಲುಬೇ ಮುರಿಯುವುದು ಗೊತ್ತಾಗುತ್ತದೆ. ಇದನ್ನೇ ವಸ್ತುವೆನ್ನುವುದು. ಆಕ್ರೋಶ ಎಂಬ ಗೈಡಿನ ಪದ ಇದರಲ್ಲಿ ಕಾಲುಭಾಗವನ್ನೂ ಹೇಳುವುದಿಲ್ಲ, ಏಕೆಂದರೆ ಇಲ್ಲಿ ಜನರ ಎಣಿಕೆಯಿದೆ, ನೆನಪಿದೆ, ಒಂದು ಬಗೆಯ ವಾತ್ಸಲ್ಯವೂ ಇದೆ.

ನಿಘಂಟುಗಳ ಬಗ್ಗೆ ಎರಡು ಮಾತು. 1894ರ ಕಿಟ್ಟೆಲ್ ನಿಘಂಟು ಹಳೆಯದಾದರೂ ಆಡುಮಾತಿನ ಪದಗಳಿಗೆ ಇಂದಿಗೂ ಕೈಕೊಡುವುದಿಲ್ಲ. ಕನ್ನಡ ಸಾಹಿತ್ಯ ಪರಿಷತ್ತಿನ ಎಂಟು ಸಂಪುಟಗಳ ನಿಘಂಟಿನಲ್ಲಿ ಪದಗಳ ಹಳೆಯ ಪ್ರಯೋಗಗಳೂ ಸಿಗುತ್ತವೆ, ಅದನ್ನು ಗ್ರಂಥಾಲಯದಲ್ಲಿಯೇ ನೋಡುವುದು ಸುಲಭ. ಮೊಬೈಲಿನಲ್ಲಿ ತಕ್ಷಣಕ್ಕೆ ನೋಡಲು 'ಅಲರ್' ಎಂಬ ಆನ್‌ಲೈನ್ ನಿಘಂಟು ಇದೆ. ಬೇಂದ್ರೆಯವರ ಧಾರವಾಡದ ಕನ್ನಡ, ದೇವನೂರ ಮಹಾದೇವ ಅವರ ನಂಜನಗೂಡು ಸೀಮೆಯ ಕನ್ನಡ, ವೈದೇಹಿಯವರ ಕುಂದಾಪುರದ ಕನ್ನಡ ಇವುಗಳಿಗೆ ಮಾತ್ರ ಆ ಸೀಮೆಯ ಒಬ್ಬ ಹಿರಿಯರಷ್ಟು ಒಳ್ಳೆಯ ನಿಘಂಟು ಬೇರೆಯಿಲ್ಲ. ಫೋನು ಮಾಡಿ ಕೇಳಿ, ಅವರಿಗೂ ಖುಷಿಯಾಗುತ್ತದೆ.

ಇಸವಿಯನ್ನು ಕವಿತೆಯ ಪಕ್ಕದಲ್ಲಿ ಬರೆದಿಡಿ

ಸಣ್ಣ ಕೆಲಸವಿದು, ಆದರೂ ಬಿಡಬಾರದು. ಅಡಿಗರ ಎರಡನೆಯ ಸಂಕಲನ 'ಕಟ್ಟುವೆವು ನಾವು' ಬಂದದ್ದು 1948ರಲ್ಲಿ, ಅಂದರೆ ಸ್ವಾತಂತ್ರ್ಯ ಬಂದ ಮರುವರ್ಷ. ಹೊಸ ನಾಡನ್ನು ಕಟ್ಟುವ ಹುರುಪು ಅದರ ಹೆಸರಿನಲ್ಲಿಯೇ ಕಾಣುತ್ತದೆ. 'ಚಂಡೆಮದ್ದಳೆ' 1954ರದು. ನಡುವಿನ ಆರು ವರ್ಷಗಳಲ್ಲಿ ಅದೇ ಕವಿಯ ದನಿ ಕಹಿಯಾಗಿದೆ, ಲಯ ಒಡೆದಿದೆ, ಬೈಗುಳ ಮತ್ತು ವ್ಯಂಗ್ಯ ಕಾವ್ಯದೊಳಕ್ಕೆ ನುಗ್ಗಿವೆ. ಇಸವಿಗಳನ್ನು ನೋಡದೆ ಓದಿದವರಿಗೆ ಇದು ಕವಿಯ ಮನೋಧರ್ಮದ ಬದಲಾವಣೆಯಾಗಿ ಮಾತ್ರ ಕಾಣುತ್ತದೆ. ನೋಡಿದವರಿಗೆ ಒಂದು ತಲೆಮಾರಿನ ನಿರಾಸೆಯೂ ಕಾಣುತ್ತದೆ.

ಎರಡು ಕೃತಿಗಳನ್ನು ಎದುರುಬದುರು ಕೂರಿಸಿ

ಒಬ್ಬ ಕವಿಯ ಒಂದೆರಡು ಸಂಕಲನಗಳು ಮುಗಿದ ಮೇಲೆ, ಒಂದೇ ಸಂಗತಿಯನ್ನು ಇನ್ನೊಬ್ಬರು ಹೇಗೆ ಮುಟ್ಟಿದ್ದಾರೆಂದು ನೋಡುವುದು ಒಳ್ಳೆಯ ಅಭ್ಯಾಸ. ರಾಮನನ್ನೇ ತೆಗೆದುಕೊಳ್ಳಬಹುದು. ಕುವೆಂಪು ಅವರ 'ಶ್ರೀ ರಾಮಾಯಣ ದರ್ಶನಂ' 1949ರದು. 1955ರಲ್ಲಿ ಅದಕ್ಕೆ ಸಾಹಿತ್ಯ ಅಕಾಡೆಮಿ ಪ್ರಶಸ್ತಿ, 1967ರ ಜ್ಞಾನಪೀಠವೂ ಅದಕ್ಕೇ ಬಂದಿತು. ಮಂಥರೆಗೆ ಇಲ್ಲಿ ಕರುಣೆ ಸಿಗುತ್ತದೆ, ಊರ್ಮಿಳೆಗೆ ತಪಸ್ಸಿನ ಸ್ಥಾನ ಸಿಗುತ್ತದೆ, ಅಗ್ನಿಪರೀಕ್ಷೆಯಲ್ಲಿ ಸೀತೆಯೊಡನೆ ರಾಮನೂ ಬೆಂಕಿಯನ್ನು ಹೊಗುತ್ತಾನೆ. ಇದು ಯಾರನ್ನೂ ಹೊರಗಿಡದ ದರ್ಶನ. ಅಡಿಗರ 'ಶ್ರೀರಾಮನವಮಿಯ ದಿವಸ' ಇದಕ್ಕೆ ಎದುರಾಗಿ ಪಾನಕ ಕೋಸಂಬರಿಯ ಹಬ್ಬದಿಂದ ಆರಂಭವಾಗುತ್ತದೆ. ರಾಮ ಅಲ್ಲಿ ಆಚರಣೆಯಾಗಿ ಉಳಿದಿದ್ದಾನೆ. ವಾಲ್ಮೀಕಿಯಂತೆ ಮನಸ್ಸು ಹುತ್ತಗಟ್ಟದೆ ಆ ಪುರುಷೋತ್ತಮನ ರೂಪವನ್ನು ಮತ್ತೆ ಕೆತ್ತಲಾದೀತೇ ಎಂಬ ಪ್ರಶ್ನೆಯಲ್ಲಿ ಕವಿತೆ ನಿಲ್ಲುತ್ತದೆ. ಒಬ್ಬರು ಮಹಾಕಾವ್ಯವನ್ನೇ ಕಟ್ಟಿದರು, ಇನ್ನೊಬ್ಬರು ಕಟ್ಟುವ ಯೋಗ್ಯತೆ ತಮಗಿದೆಯೇ ಎಂದು ಕೇಳಿಕೊಂಡರು. ಇಬ್ಬರ ವಸ್ತುವೂ ರಾಮನೇ ಎನ್ನುವುದು ಈಗ ಎಷ್ಟು ಸಪ್ಪೆಯಾದ ಮಾತೆಂದು ತಿಳಿಯುತ್ತದೆ.

ಗದ್ಯದಲ್ಲಿ ಇಂಥ ಜೋಡಿ ಬೇಕೆಂದರೆ ಶಿವರಾಮ ಕಾರಂತರ 'ಚೋಮನ ದುಡಿ'ಯನ್ನೂ ದೇವನೂರ ಮಹಾದೇವ ಅವರ 'ಒಡಲಾಳ'ವನ್ನೂ ಒಂದೇ ವಾರದಲ್ಲಿ ಓದಿ. ಎರಡೂ ಸಣ್ಣ ಪುಸ್ತಕಗಳು. 1933ರ ಕಾದಂಬರಿಯ ಚೋಮನಿಗೆ ಉಳಲು ಒಂದಿಷ್ಟು ಭೂಮಿ ಬೇಕು, ಅದು ದಕ್ಕುವುದಿಲ್ಲ. ಅವನ ದುಃಖವನ್ನು ಕಾರಂತರು ಹೊರಗೆ ನಿಂತು, ಮರುಗಿ, ಪ್ರಾಮಾಣಿಕವಾಗಿ ಹೇಳುತ್ತಾರೆ. 'ಒಡಲಾಳ'ದಲ್ಲಿ ಮುದುಕಿ ಸಾಕವ್ವ ಕಳೆದುಹೋದ ಹುಂಜವನ್ನು ಹುಡುಕುತ್ತಿರುತ್ತಾಳೆ. ಕದ್ದು ತಂದ ಕಡಲೆಕಾಯಿಯನ್ನು ಮನೆಮಂದಿಯೆಲ್ಲ ಸುತ್ತ ಕೂತು ಒಂದೇ ರಾತ್ರಿಯಲ್ಲಿ ತಿಂದು ಮುಗಿಸುತ್ತಾರೆ, ಬೆಳಗ್ಗೆ ಪೊಲೀಸರು ಬರುತ್ತಾರೆ. ಆ ರಾತ್ರಿಯ ಪುಟಗಳಲ್ಲಿ ಹಸಿವಿನ ಜೊತೆಗೆ ನಗೆಯಿದೆ, ಚೇಷ್ಟೆಯಿದೆ, ಹಬ್ಬದ ಗದ್ದಲವಿದೆ. ಒಳಗಿನಿಂದ ಬರೆದವರಿಗೆ ಮಾತ್ರ ಸಿಗುವ ನಗೆ ಅದು. ಕಾರಂತರು ಕಡಿಮೆಯವರೆಂದು ಇದರ ಅರ್ಥವಲ್ಲ, ಆದರೆ ನನ್ನ ಮಟ್ಟಿಗೆ ಹೇಳುವುದಾದರೆ ಮತ್ತೆ ಮತ್ತೆ ಓದಿಸಿಕೊಂಡದ್ದು ಎರಡನೆಯದೇ.

ಬಾನು ಮುಷ್ತಾಕ್ ಅವರ ಹನ್ನೆರಡು ಕಥೆಗಳ ಅನುವಾದ 'ಹಾರ್ಟ್ ಲ್ಯಾಂಪ್'ಗೆ 2025ರಲ್ಲಿ ಅಂತಾರಾಷ್ಟ್ರೀಯ ಬೂಕರ್ ಪ್ರಶಸ್ತಿ ಬಂದ ಮೇಲೆ ಇಂಗ್ಲಿಷಿನ ಮೂಲಕ ಕನ್ನಡಕ್ಕೆ ಮರಳುತ್ತಿರುವ ಓದುಗರೂ ಇದ್ದಾರೆ. ದೀಪಾ ಭಾಸ್ತಿಯವರ ಅನುವಾದವನ್ನು ಓದಿದವರು ಹಾಗೆಯೇ 'ಎದೆಯ ಹಣತೆ'ಯ ಕನ್ನಡ ಪಠ್ಯವನ್ನು ಪಕ್ಕದಲ್ಲಿಟ್ಟುಕೊಂಡು ನೋಡಬೇಕು. ಸಾರಾ ಅಬೂಬಕ್ಕರ್ ಅವರ 'ಚಂದ್ರಗಿರಿಯ ತೀರದಲ್ಲಿ' ಕಾದಂಬರಿಯನ್ನು ಇದರ ಜೊತೆಗೆ ಓದಿದರೆ, ಮುಸ್ಲಿಂ ಹೆಣ್ಣುಮಕ್ಕಳ ಬದುಕನ್ನು ಬರೆದ ಇಬ್ಬರು ಲೇಖಕಿಯರು ಎಷ್ಟು ಬೇರೆ ಬೇರೆಯೆಂಬುದೂ ಕಾಣುತ್ತದೆ.

ಹಣೆಪಟ್ಟಿಗಳು ಕೊನೆಗೆ

ನವೋದಯ, 1940ರ ದಶಕದ ಪ್ರಗತಿಶೀಲ, ನವ್ಯ, ದಲಿತ ಮತ್ತು ಬಂಡಾಯ ಎಂಬ ಘಟ್ಟಗಳನ್ನು ನಾನು ಇಷ್ಟು ಹೊತ್ತು ಬೇಕೆಂದೇ ದೂರವಿಟ್ಟೆ. ಇವು ಬೇಡವೆಂದಲ್ಲ. 1926ರಲ್ಲಿ ಬಿ.ಎಂ. ಶ್ರೀಕಂಠಯ್ಯನವರ 'ಇಂಗ್ಲಿಷ್ ಗೀತಗಳು' ಬಂದಾಗ ಕನ್ನಡದ ಛಂದಸ್ಸಿಗೆ ಹೊಸ ದಾರಿ ತೆರೆಯಿತು. ಕನ್ನಡ ಸಾಹಿತ್ಯದಲ್ಲಿ ಬಹಳಷ್ಟು ಬೂಸಾ ಎಂದ ಸಚಿವ ಬಸವಲಿಂಗಪ್ಪನವರ ಮಾತಿನಿಂದ ಎದ್ದ 1973ರ ಬೂಸಾ ಪ್ರಕರಣ ದಲಿತ ಯುವಕರನ್ನು ಬೀದಿಗಿಳಿಸಿತು. 1979ರಲ್ಲಿ ಬಂಡಾಯ ಸಾಹಿತ್ಯ ಸಂಘಟನೆ ಕಾವ್ಯ ಖಡ್ಗವಾಗಲಿ ಎಂದಿತು. ಬೂಸಾ ಪ್ರಕರಣದ ಹಿನ್ನೆಲೆ ತಿಳಿಯದೆ ಸಿದ್ಧಲಿಂಗಯ್ಯನವರ 1975ರ 'ಹೊಲೆಮಾದಿಗರ ಹಾಡು' ಆ ಕಾಲದಲ್ಲಿ ಹುಟ್ಟಿಸಿದ ಕಂಪನ ಅರ್ಥವಾಗುವುದಿಲ್ಲ. ಆದರೆ ಒಂದು ಘಟ್ಟ ಮುಗಿದು ಮತ್ತೊಂದು ಶುರುವಾಯಿತೆಂದು, ಬಸ್ ನಿಲ್ದಾಣಗಳನ್ನು ಎಣಿಸಿದಂತೆ ಎಣಿಸುವವರು ಇಸವಿಗಳ ಪಟ್ಟಿಯನ್ನು ಒಮ್ಮೆ ನೋಡಬೇಕು. ನವ್ಯದ ದೊಡ್ಡ ಕಾದಂಬರಿಯೆನಿಸಿದ ಅನಂತಮೂರ್ತಿಯವರ 'ಸಂಸ್ಕಾರ' 1965ರದು. ನವೋದಯದ ಕುವೆಂಪು ಅವರ 'ಮಲೆಗಳಲ್ಲಿ ಮದುಮಗಳು' ಅದಾದ ಎರಡು ವರ್ಷಕ್ಕೆ, 1967ರಲ್ಲಿ ಬಂದಿತು. ಬೇಂದ್ರೆಯವರ 'ನಾಕುತಂತಿ' ಅಡಿಗರ 'ಭೂಮಿಗೀತ'ಕ್ಕಿಂತ ಐದು ವರ್ಷ ಈಚಿನದು. ಮಲ್ಲಿಗೆಯ ಕವಿ ನರಸಿಂಹಸ್ವಾಮಿಯವರೇ 1958ರ 'ಶಿಲಾಲತೆ'ಯಲ್ಲಿ 'ಗಡಿಯಾರದಂಗಡಿಯ ಮುಂದೆ' ನಿಂತು, ತಮ್ಮ ಹಳೆಯ ಓದುಗರಿಗೆ ಗುರುತೇ ಸಿಗದಂತೆ ಬರೆದರು.

ವಿಮರ್ಶೆಯನ್ನೂ ಈ ಹಂತದಲ್ಲಿಯೇ ಓದುವುದು ಸರಿ. ಕೀರ್ತಿನಾಥ ಕುರ್ತಕೋಟಿಯವರನ್ನು ಬೇಂದ್ರೆಯವರ ಕವಿತೆಗಳನ್ನು ಓದುವ ಮೊದಲೇ ಓದಿದರೆ ಅವರ ಕಣ್ಣೇ ನಿಮ್ಮ ಕಣ್ಣಾಗುತ್ತದೆ. ಕವಿತೆಗಳನ್ನು ಓದಿ, ನಾಲ್ಕು ಕಡೆ ಮುಗ್ಗರಿಸಿ, ಆಮೇಲೆ ಓದಿದರೆ ಅವರೊಡನೆ ವಾದ ಮಾಡಬಹುದು. ಮುನ್ನುಡಿಗಳನ್ನೂ ಹಾಗೆಯೇ ಹಿನ್ನುಡಿಗಳೆಂದು ತಿಳಿದು ಕೊನೆಗೆ ಓದಿ.

ಒಂದು ಟಿಪ್ಪಣಿ ಪುಸ್ತಕ

ಇನ್ನೂರು ಪುಟದ ಒಂದು ನೋಟ್‌ಬುಕ್ ಸಾಕು. ಎಡಪುಟದಲ್ಲಿ ಕವಿತೆಯ ಹೆಸರು, ಸಂಕಲನ, ಇಸವಿ, ಮತ್ತು ನಿಮ್ಮನ್ನು ನಿಲ್ಲಿಸಿದ ಒಂದೇ ಒಂದು ಪದ. ಬಲಪುಟವನ್ನು ಖಾಲಿ ಬಿಡಿ. ಅದೇ ಕವಿಯ ಬೇರೆ ಕವಿತೆಯಲ್ಲಿ ಅದೇ ಪದವೋ ಚಿತ್ರವೋ ಮರಳಿ ಬಂದಾಗ ಅಲ್ಲಿ ಬರೆಯಿರಿ. ಒಂದು ಸಂಕಲನಕ್ಕೆ ಒಂದು ತಿಂಗಳು ಹಿಡಿದರೂ ಅಡ್ಡಿಯಿಲ್ಲ. ದಿನಕ್ಕೊಂದು ಕವಿತೆಗಿಂತ ಹೆಚ್ಚು ಓದದಿರುವುದೇ ಮೇಲು. ಬಲಪುಟ ತುಂಬಿದ ಮೇಲೆ, ಬೇಕಿದ್ದರೆ, ಆ ಕವಿಯ ಆಶಯವೇನೆಂದು ಒಂದು ವಾಕ್ಯ ಬರೆದು ನೋಡಿ. ನನ್ನ ಹಳೆಯ ನೋಟ್‌ಬುಕ್ಕಿನಲ್ಲಿ 'ನೀ ಹಿಂಗ ನೋಡಬ್ಯಾಡ ನನ್ನ' ಎಂದಿರುವ ಪುಟದ ತಲೆಯಲ್ಲಿ ಪ್ರೇಮಗೀತೆ ಎಂದು ಬರೆದು, ಬೇರೆ ಶಾಯಿಯಲ್ಲಿ ಅದನ್ನು ಹೊಡೆದುಹಾಕಿದ್ದೇನೆ. ಅದರ ಕೆಳಗೆ ಬೇರೆ ಏನನ್ನೂ ಬರೆದಿಲ್ಲ.